ಥಿನ್ನರ್ ಹಚ್ಚಿ ಒರೆಸಿದ 40

ಪಂಪು ಜೋಡಿಸುವ ಮೇಜಿನ ಮೇಲೆ ತೂಗುಹಾಕಿದ್ದ ಲ್ಯಾಮಿನೇಟ್ ಹಾಳೆಯೊಂದರಿಂದ ನಾನು ಒಂದು ಅಂಕಿಯನ್ನು ಒರೆಸಿ ಹಾಕಿದ್ದೆ. ಬೋಲ್ಟು ಎಷ್ಟು ಬಿಗಿಯಬೇಕೆಂದು ಹೇಳುವ ಜಾಗದಲ್ಲಿ ಕಪ್ಪು ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಬರೆದಿದ್ದ 40. ಒಣ ಬಟ್ಟೆಗೆ ಅದು ಜಗ್ಗಲಿಲ್ಲ. ಪೇಂಟ್ ವಿಭಾಗದಿಂದ ಸ್ವಲ್ಪ ಥಿನ್ನರ್ ತರಿಸಿ ತಿಕ್ಕಿದಾಗ ಮಸಿ ಕರಗಿ, ಅಡಿಯಲ್ಲಿ ಅಚ್ಚಾಗಿದ್ದ 52 ಮತ್ತೆ ಕಾಣಿಸಿಕೊಂಡಿತು. ಎರಡು ದಿನಗಳಲ್ಲಿ ಆಡಿಟ್ ಇತ್ತು. ಕಾರ್ಖಾನೆಯ ಯಾವ ಹಾಳೆಯ ಮೇಲೂ ಕೈಬರಹದ ತಿದ್ದುಪಡಿ ಇರಕೂಡದೆಂಬುದು ನಾನೇ ಹೊರಡಿಸಿದ್ದ ಸೂಚನೆ. ಕೈಗೆ ಅಂಟಿದ ಥಿನ್ನರ್ ವಾಸನೆ ಸಂಜೆ ಬಸ್ಸಿನಲ್ಲಿಯೂ ಹೋಗಿರಲಿಲ್ಲ, ಆದರೆ ಮನಸ್ಸು ಹಗುರವಾಗಿತ್ತು. ಇದಾಗಿ ಒಂಬತ್ತು ವರ್ಷವಾಯಿತು. ಆ 40 ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ನಾನು ಗದಗಿನವಳು. ಪುಣೆಗೆ ಬಂದು ಹದಿನಾಲ್ಕು ವರ್ಷ. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ತಾಂತ್ರಿಕ ದಾಖಲೆಗಳ ನಿಯಂತ್ರಣ ನನ್ನ ಕೆಲಸ. ನಕ್ಷೆ, ಜೋಡಣೆಯ ಸೂಚನಾ ಹಾಳೆ, ಪರೀಕ್ಷಾ ವಿಧಾನ, ಗ್ರಾಹಕರಿಗೆ ಕೊಡುವ ಕೈಪಿಡಿ, ಇವುಗಳಲ್ಲಿ ಒಂದು ಅಕ್ಷರ ಬದಲಾಗಬೇಕಾದರೂ ಬದಲಾವಣೆಯ ವಿನಂತಿಯೊಂದು ನನ್ನ ಮೇಜಿಗೆ ಬರಬೇಕು. ನಮ್ಮಲ್ಲಿ ಎಲ್ಲರೂ ಅದನ್ನು ಸಿಆರ್ ಎನ್ನುತ್ತಾರೆ. ಊರಿಗೆ ಹೋದಾಗ ಸೋದರತ್ತೆಗೆ ಇದನ್ನು ವಿವರಿಸಲು ಹೋಗಿ ಪ್ರತಿಸಲವೂ ಸೋಲುತ್ತಿದ್ದೆ. ಒಮ್ಮೆ ಅವರೇ ತೀರ್ಪು ಕೊಟ್ಟರು: “ಅಂದರೆ ನೀನು ಬರೆಯುವುದೂ ಇಲ್ಲ, ಯಂತ್ರ ಮಾಡುವುದೂ ಇಲ್ಲ. ಬರೆದದ್ದನ್ನು ಯಾರೂ ಮುಟ್ಟದ ಹಾಗೆ ಕಾಯುತ್ತೀ.” ನನ್ನ ನೇಮಕಾತಿ ಪತ್ರವೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

‘ಕಾರಣ’ ಎಂಬ ಖಾನೆ

ಸಿಆರ್ ನಮೂನೆಯಲ್ಲಿ ಹನ್ನೆರಡು ಖಾನೆಗಳಿವೆ. ದಾಖಲೆಯ ಸಂಖ್ಯೆ, ಅದರ ಈಗಿನ ಪರಿಷ್ಕರಣೆ, ಈಗ ಏನಿದೆ, ಏನಾಗಬೇಕು, ಯಾರು ಕೇಳುತ್ತಿದ್ದಾರೆ, ಯಾವ ಕ್ರಮಸಂಖ್ಯೆಯ ಪಂಪಿನಿಂದ ಜಾರಿ, ಉಗ್ರಾಣದಲ್ಲಿ ಉಳಿದಿರುವ ಹಳೆಯ ಸಾಮಾನನ್ನು ಏನು ಮಾಡುವುದು, ಹೀಗೆ. ಹನ್ನೊಂದನ್ನು ಜನ ಹೇಗೋ ತುಂಬುತ್ತಾರೆ. ಎಡವುವುದು ಒಂದೇ ಖಾನೆಯಲ್ಲಿ: ಬದಲಾವಣೆಯ ಕಾರಣ. ನನ್ನ ಬಳಿ ಇರುವ ಹಳೆಯ ಕಡತಗಳಲ್ಲಿ ಆ ಖಾನೆಯನ್ನು ಓದುತ್ತ ಹೋದರೆ ನಗು ಬರುತ್ತದೆ. ‘ಚರ್ಚಿಸಿದಂತೆ.’ ‘ಸುಧಾರಣೆಗಾಗಿ.’ ‘ಮೇಲಿನವರ ಆದೇಶ.’ ಒಬ್ಬ ಪುಣ್ಯಾತ್ಮರು ‘ತಪ್ಪಿತ್ತು’ ಎಂದಷ್ಟೇ ಬರೆದಿದ್ದರು. ಉಳಿದವರಿಗಿಂತ ಅವರೇ ಮೇಲು ಎಂದು ನನ್ನ ಲೆಕ್ಕ. ತಪ್ಪಿತ್ತೆಂದು ಬರೆದು ಸಹಿ ಹಾಕಲು ಎದೆ ಬೇಕು.

ಈ ಖಾನೆ ಏಕೆ ಬೇಕೆಂದು ಹೊಸಬರು ಕೇಳುತ್ತಾರೆ. ಅಂಕಿ ಬದಲಾಯಿತಲ್ಲ, ಸಾಲದೇ? ಐದು ವರ್ಷದ ನಂತರ ಇನ್ನೊಬ್ಬರು ಬಂದು ‘40 ಏಕೆ, ಮೊದಲು 52 ಇತ್ತಲ್ಲ, ಅದೇ ಸರಿ’ ಎಂದು ಹಿಂದಕ್ಕೆ ತಿರುಗಿಸಲು ಹೊರಟಾಗ ಅವರ ಕೈ ಹಿಡಿಯಲು ಇರುವುದು ಆ ಒಂದು ಖಾನೆ ಮಾತ್ರ. ಆ ಹೊತ್ತಿಗೆ ಬದಲಾವಣೆ ಕೇಳಿದವರು ಬೇರೆ ಕಂಪನಿಗೆ ಹೋಗಿರುತ್ತಾರೆ, ಒಪ್ಪಿಗೆ ಕೊಟ್ಟವರು ನಿವೃತ್ತರಾಗಿರುತ್ತಾರೆ.

ಇನ್ನೊಂದು ಖಾನೆಯೂ ಇದೆ, ಅದರ ಮಹತ್ವ ನನಗೇ ತಡವಾಗಿ ತಿಳಿಯಿತು: ಈ ಬದಲಾವಣೆಯಿಂದ ಬೇರೆ ಯಾವ ದಾಖಲೆಗಳು ಬದಲಾಗಬೇಕು? ಆ 40ರ ಕಥೆಯ ಬೇರು ಇರುವುದು ಇಲ್ಲಿ.

ಕರಾವಳಿಯ ಗ್ರಾಹಕರೊಬ್ಬರು ಉಪ್ಪುಗಾಳಿಗೆ ಬೋಲ್ಟುಗಳು ತುಕ್ಕು ಹಿಡಿಯುತ್ತಿವೆ ಎಂದು ದೂರಿದ್ದರಿಂದ ಪಂಪಿನ ಹೊರಕವಚವಾದ ಕೇಸಿಂಗ್‌ನ ಬೋಲ್ಟುಗಳನ್ನು ಸತು ಲೇಪನದ ಉಕ್ಕಿನಿಂದ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಲಾಗಿತ್ತು. ಸ್ಟೇನ್‌ಲೆಸ್ ಬೋಲ್ಟಿಗೆ ಒಂದು ಕೆಟ್ಟ ಗುಣವಿದೆ. ಬಿಗಿಯುವಾಗ ತಿರುಪಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ನಿಂತುಬಿಡುತ್ತವೆ. ಅದಕ್ಕಾಗಿ ಎಳೆಗಳಿಗೆ ಆಂಟಿಸೀಜ್ ಎಂಬ ಜಿಡ್ಡಿನ ಪೇಸ್ಟು ಹಚ್ಚಬೇಕು. ಈ ಬದಲಾವಣೆಯ ಸಿಆರ್ ಬಹಳ ಅಚ್ಚುಕಟ್ಟಾಗಿತ್ತು. ನಕ್ಷೆ, ಸಾಮಾನುಗಳ ಪಟ್ಟಿ, ಖರೀದಿಯ ವಿವರಣೆ, ಬಿಡಿಭಾಗಗಳ ಪುಸ್ತಕ, ಎಲ್ಲವೂ ಪರಿಷ್ಕೃತವಾದವು. ಜೋಡಣೆಯ ಸೂಚನಾ ಹಾಳೆ ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ನಕ್ಷೆಗಳು ವಿನ್ಯಾಸ ವಿಭಾಗದವು, ಸೂಚನಾ ಹಾಳೆಗಳು ಉತ್ಪಾದನಾ ವಿಭಾಗದವು. ಎರಡರ ಸಂಖ್ಯೆಗಳ ಸರಣಿಯೇ ಬೇರೆ, ಕಪಾಟೂ ಬೇರೆ. ಒಂದು ಕಪಾಟಿನವರಿಗೆ ಇನ್ನೊಂದರ ನೆನಪಾಗಲಿಲ್ಲ. ನೆನಪಿಸಬೇಕಾದವಳು ನಾನು. ಅಚ್ಚುಕಟ್ಟಾದ ನಮೂನೆಗೆ ಮರುಳಾಗಿ ಠಸ್ಸೆ ಒತ್ತಿದೆ.

ಬೋಲ್ಟು ಬಿಗಿಯುವಾಗ ನಾವು ಹಾಕುವ ಬಲದಲ್ಲಿ, ಸ್ಥೂಲವಾಗಿ ಹೇಳುವುದಾದರೆ, ರೂಪಾಯಿಗೆ ತೊಂಬತ್ತು ಪೈಸೆ ಉಜ್ಜಾಟಕ್ಕೇ ಹೋಗುತ್ತದೆ. ಬೋಲ್ಟಿನ ತಲೆಯ ಅಡಿಯಲ್ಲಿ ಐವತ್ತು ಪೈಸೆ, ಎಳೆಗಳಲ್ಲಿ ನಲವತ್ತು. ಮಿಕ್ಕ ಹತ್ತು ಪೈಸೆ ಮಾತ್ರ ಬೋಲ್ಟನ್ನು ಎಳೆದು ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಜಿಡ್ಡು ಹಚ್ಚಿದಾಗ ಉಜ್ಜಾಟ ತಗ್ಗುತ್ತದೆ, ಹತ್ತು ಪೈಸೆ ಇದ್ದದ್ದು ಹದಿಮೂರೋ ಹದಿನಾಲ್ಕೋ ಆಗುತ್ತದೆ. ಬಿಗಿಯುವ ಬಲವನ್ನು ಅಳೆಯುವ ಟಾರ್ಕ್ ಸ್ಪ್ಯಾನರು ಎಂದಿನಂತೆ 52 ನ್ಯೂಟನ್ ಮೀಟರಿಗೇ ಟಕ್ ಎನ್ನುತ್ತದೆ, ಆದರೆ ಸೋರದಿರಲೆಂದು ಎರಡು ಭಾಗಗಳ ನಡುವೆ ಇಡುವ ಗ್ಯಾಸ್ಕೆಟ್ ಮೇಲೆ ಬೀಳುವ ಒತ್ತಡ ಮೊದಲಿನದಲ್ಲ.

ಹಪ್ಪಳದ ಹಾಗೆ ಒಡೆದ ಗ್ಯಾಸ್ಕೆಟ್

ಆಡಿಟ್ ಸುಖವಾಗಿ ಮುಗಿಯಿತು. ಸೂಚನಾ ಹಾಳೆಗಳ ಶುಚಿತ್ವವನ್ನು ಆಡಿಟರ್ ವಿಶೇಷವಾಗಿ ಹೊಗಳಿದರು. ಮುಂದಿನ ವಾರ ಜೋಡಣೆಯಾದ ಹನ್ನೊಂದು ಪಂಪುಗಳಲ್ಲಿ ನಾಲ್ಕು ನೀರಿನ ಒತ್ತಡದ ಪರೀಕ್ಷೆಯಲ್ಲಿ ಸೋರಿದವು. ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ ಹಿಡಿದು ನೋಡುವುದು ಆ ಪರೀಕ್ಷೆ. ಅಲ್ಲಿಯವರೆಗೆ ಸೋರಿಕೆ ಎಂಬುದೇ ಅಪರೂಪವಾಗಿದ್ದ ಸಾಲಿನಲ್ಲಿ ಒಮ್ಮೆಗೇ ನಾಲ್ಕು. ಗ್ಯಾಸ್ಕೆಟ್ ಪೂರೈಸಿದವರನ್ನು ಬೈದದ್ದಾಯಿತು, ಎರಕದ ವಿಭಾಗದವರನ್ನು ಬೈದದ್ದಾಯಿತು. ಯಾವ ಪರಿಷ್ಕರಣೆಯ ಹಾಳೆ ಬಳಕೆಯಲ್ಲಿತ್ತು ಎಂದು ನೋಡಿ ಬರಲು ನನ್ನನ್ನು ಕಳುಹಿಸಿದರು.

ಜೋಡಣೆಯ ಮೇಜಿನಲ್ಲಿ ಇದ್ದವರು ಐವತ್ತು ದಾಟಿದ ಫಿಟ್ಟರ್ ಒಬ್ಬರು. ಸಾಂಗಲಿ ಜಿಲ್ಲೆಯ ಜತ್ ತಾಲೂಕಿನವರು, ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವರು. ಮರಾಠಿಯಲ್ಲಿ ‘ಮೇಡಮ್’ ಎಂದು ಶುರುಮಾಡಿದ ಅವರು ನನ್ನ ಮರಾಠಿಯ ಎರಡನೆಯ ವಾಕ್ಯಕ್ಕೇ ಗುರುತು ಹಿಡಿದು ಕನ್ನಡಕ್ಕೆ ಹೊರಳಿದರು. ಅಂದಿನಿಂದ ಅವರಿಗೆ ನಾನು ತಂಗಿ, ನನಗೆ ಅವರು ಕಾಕಾ. ಬಿಚ್ಚಿದ ಪಂಪಿನಿಂದ ತೆಗೆದ ಗ್ಯಾಸ್ಕೆಟನ್ನು ಅವರು ನನ್ನ ಅಂಗೈಯಲ್ಲಿ ಇಟ್ಟರು.

“ನೋಡು ತಂಗಿ. ಅಂಚು ಹಪ್ಪಳದ ಹಾಗೆ ಒಡೆದಿದೆ. ಕಡಿಮೆ ಬಿಗಿದರೆ ಹೀಗಾಗುವುದಿಲ್ಲ. ಹೆಚ್ಚು ಬಿಗಿದರೆ ಆಗುತ್ತದೆ.”

“ಹಾಳೆಯಲ್ಲಿ 52 ಇದೆಯಲ್ಲ ಕಾಕಾ?”

“ಅದು ಹಳೆಯ ಬೋಲ್ಟಿಗೆ. ಈ ಬಿಳಿ ಬೋಲ್ಟಿಗೆ ಪೇಸ್ಟು ಹಚ್ಚಿದ ಮೇಲೆ ಕೈಗೆ ತಿಳಿಯುತ್ತದೆ, ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗುತ್ತದೆ. ನಲವತ್ತಕ್ಕೆ ನಿಲ್ಲಿಸಿದೆ. ನಾಲ್ಕು ತಿಂಗಳು ಒಂದೂ ಸೋರಲಿಲ್ಲ.”

“ಹಾಗಾದರೆ ಆ 40 ನಿಮ್ಮದು.”

“ನನ್ನದೇ.”

“ಕಚೇರಿಗೆ ಒಂದು ಮಾತು ಹೇಳಬಾರದಿತ್ತೇ?”

ಅವರು ನನ್ನ ಮುಖವನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ಅಚ್ಚರಿಯಿತ್ತು. “ಹೇಳಿದೆನಲ್ಲ ತಂಗಿ. ಹಾಳೆಯ ಮೇಲೇ ಬರೆದೆ. ಆ ಹಾಳೆ ನಿಮ್ಮ ಕಚೇರಿಯದೇ ಅಲ್ಲವೇ? ನೀವು ಬಂದು ಅಳಿಸಿದಿರಿ. ಸರಿ, ಬೇಡವೆಂದು ಹೇಳಿದಿರಿ ಎಂದುಕೊಂಡು 52ಕ್ಕೆ ಬಿಗಿದೆ.”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ನನ್ನ ಕಣ್ಣಿಗೆ ಅದು ಹಾಳೆ ಕೆಡಿಸಿದ ಗೀಚು. ಅವರ ಪಾಲಿಗೆ ಅದು ವಿನಂತಿ, ಮತ್ತು ನನ್ನ ಥಿನ್ನರ್ ಬಟ್ಟೆಯೇ ಅದಕ್ಕೆ ಸಿಕ್ಕ ಉತ್ತರ. ನಾನು ವಿನಂತಿಯೊಂದನ್ನು ಓದದೆ, ಕಾರಣ ಕೇಳದೆ, ಸಂಖ್ಯೆ ಕೊಡದೆ ತಿರಸ್ಕರಿಸಿದ್ದೆ. ಅದೇ ತಪ್ಪಿಗಾಗಿ ಬೇರೆ ವಿಭಾಗದವರಿಗೆ ವರ್ಷಕ್ಕೆ ಎರಡು ಸಲ ಪಾಠ ಹೇಳುತ್ತಿದ್ದವಳೂ ನಾನೇ.

ವಿನ್ಯಾಸ ವಿಭಾಗ ಲೆಕ್ಕ ಹಾಕಿತು. ಉಜ್ಜಾಟದ ಲೆಕ್ಕಕ್ಕೆಂದು ಒಣ ಎಳೆಗೆ ಹಿಡಿಯುವ ಗುಣಾಂಕ 0.20, ಜಿಡ್ಡು ಹಚ್ಚಿದ್ದಕ್ಕೆ 0.15 ಎಂದು ಹಿಡಿದರೆ 52 ಇದ್ದದ್ದು 39 ಆಗುತ್ತದೆ. ಪರೀಕ್ಷೆ ಮಾಡಿ ನೋಡಿ ಕೊನೆಗೆ 40 ಎಂದೇ ಅಚ್ಚು ಹಾಕಿಸಿದರು. ಸ್ಪ್ಯಾನರಿನ ಮೇಲೆ 40ರ ಗೀಟು ಸ್ಪಷ್ಟವಾಗಿದೆ ಎಂಬುದು ಅವರು ಕೊಟ್ಟ ಕಾರಣ.

ಪೆನ್ನಿನ ಗೀಚುಗಳ ಗಣತಿ

ಆ ತಿಂಗಳು ನಾನು ಒರೆಸುವ ಬಟ್ಟೆ ಬಿಟ್ಟು ನೋಟ್‌ಬುಕ್ ಹಿಡಿದು ಇಡೀ ಕಾರ್ಖಾನೆ ಸುತ್ತಿದೆ. ಇಪ್ಪತ್ಮೂರು ಕೈಬರಹಗಳು ಸಿಕ್ಕವು. ಎರಡು ಫೋನ್ ನಂಬರುಗಳು, ಒಂದು ಚಹಾದ ಲೆಕ್ಕ, ಒಂದು ಸುಂದರವಾದ ಗಣಪತಿ. ಉಳಿದ ಹತ್ತೊಂಬತ್ತೂ ತಿದ್ದುಪಡಿಗಳೇ. ಕೆಲಸಗಾರರ ಕೈಬರಹವೆಲ್ಲ ಸರಿ, ಕಚೇರಿಯದೆಲ್ಲ ತಪ್ಪು ಎಂದು ಇಲ್ಲಿ ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜ ಹಾಗಿರಲಿಲ್ಲ. ಒತ್ತಡದ ಪರೀಕ್ಷೆಯನ್ನು ಹತ್ತು ನಿಮಿಷ ಹಿಡಿಯಬೇಕೆಂಬ ಕಡೆ ಯಾರೋ 3 ಎಂದು ಬರೆದಿದ್ದರು. ಎರಡನೆಯ ಪಾಳಿಯ ಬಸ್ಸು ಹಿಡಿಯುವ ಆತುರ ಎಂದು ಆಮೇಲೆ ತಿಳಿಯಿತು. ಪೆನ್ನು ಸಿಕ್ಕವರೆಲ್ಲ ತಿದ್ದಬಾರದೆಂಬ ನಿಯಮ ಇರುವುದು ಇಂಥದಕ್ಕೇ, ಆ ನಿಯಮವನ್ನು ನಾನು ಇಂದಿಗೂ ಬಿಟ್ಟುಕೊಡುವುದಿಲ್ಲ. ಆದರೆ 3 ಮತ್ತು 40 ಎರಡೂ ಒಂದೇ ಮಾರ್ಕರಿನ ಮಸಿ, ಒಂದೇ ಥಿನ್ನರಿಗೆ ಕರಗುತ್ತವೆ. ಒರೆಸುವ ಕೈಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ.

ಸಿಆರ್ ಸಲ್ಲಿಸಲು ಕಂಪ್ಯೂಟರ್ ಬೇಕು, ಕಂಪನಿಯ ಇಮೇಲ್ ಬೇಕು, ಇಂಗ್ಲಿಷ್ ಬೇಕು. ಈ ಮೂರೂ ಇದ್ದವರು ಬೋಲ್ಟು ಬಿಗಿಯುವುದಿಲ್ಲ. ಆದ್ದರಿಂದ ಚೀಟಿಯ ಪೆಟ್ಟಿಗೆಯೊಂದನ್ನು ಕುಡಿಯುವ ನೀರಿನ ಕೂಲರ್ ಪಕ್ಕದಲ್ಲಿ ಇಡೋಣ, ಯಾವ ಭಾಷೆಯಲ್ಲಾದರೂ ಮೂರು ಸಾಲು ಬರೆದು ಹಾಕಲಿ, ನಮೂನೆಗೆ ಇಳಿಸುವುದು ನನ್ನ ಕೆಲಸ ಎಂದು ಸಿಆರ್‌ಗಳನ್ನು ತೀರ್ಮಾನಿಸುವ ಬದಲಾವಣೆ ಮಂಡಳಿಯ ಮುಂದೆ ಇಟ್ಟೆ. “ಕನ್ನಡದಲ್ಲಿ, ಮರಾಠಿಯಲ್ಲಿ ಬರೆದದ್ದನ್ನು ಆಡಿಟರ್ ಒಪ್ಪುತ್ತಾರೆಯೇ?” ಎಂಬ ಪ್ರಶ್ನೆ ಬಂತು. ಗುಣಮಟ್ಟ ನಿರ್ವಹಣೆಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯನ್ನು ತೆರೆದು 7.5.2ನೆಯ ಕಲಮು ತೋರಿಸಿದೆ. ದಾಖಲೆಯ ರೂಪ ಕೆಲಸಕ್ಕೆ ತಕ್ಕುದಾಗಿರಬೇಕು ಎನ್ನುವ ಆ ಕಲಮು, ರೂಪ ಎಂದರೇನು ಎಂಬುದಕ್ಕೆ ಕೊಡುವ ಮೊದಲ ಉದಾಹರಣೆಯೇ ಭಾಷೆ. ಇಂಗ್ಲಿಷ್ ಎಂಬ ಪದ ಆ ಕಲಮಿನಲ್ಲಿ ಇಲ್ಲ. ಪೆಟ್ಟಿಗೆ ಬಂತು. ಮೊದಲ ತಿಂಗಳು ಕ್ಯಾಂಟೀನಿನ ಉಪ್ಪಿಟ್ಟಿನ ಬಗ್ಗೆಯೇ ಚೀಟಿಗಳು. ಎರಡನೆಯ ತಿಂಗಳಿಂದ ಬೋಲ್ಟುಗಳ ಬಗ್ಗೆ.

ಗದಗಿನ ಕಂಬ, ಪುಣೆಯ ಅಡಿಟಿಪ್ಪಣಿ

ನಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಒಂದು ಕಂಬವನ್ನು ತೋರಿಸಿ, ಕುಮಾರವ್ಯಾಸ ಇಲ್ಲಿಯೇ ಕುಳಿತು ಬರೆದ ಎನ್ನುತ್ತಾರೆ. ಒಮ್ಮೆ ಪದವಿಟ್ಟ ಮೇಲೆ ಅಳಿಸದಿರುವುದು ತನ್ನ ಅಗ್ಗಳಿಕೆ ಎಂದು ಆ ಕವಿ ಹೇಳಿಕೊಂಡಿದ್ದಾನೆ. ಚಿಕ್ಕಂದಿನಿಂದ ಕೇಳಿದ ಮಾತು. ಈ ಕೆಲಸಕ್ಕೆ ಸೇರಿದ ಮೇಲೆ ಕೇಳಿದಾಗ ಹೊಟ್ಟೆಕಿಚ್ಚಾಯಿತು. ಪರಿಷ್ಕರಣೆಯೇ ಇಲ್ಲದ ದಾಖಲೆ! ನಮ್ಮ ನಕ್ಷೆಗಳೋ ಎ, ಬಿ, ಸಿ ಎಂದು ಏರುತ್ತಲೇ ಇರುತ್ತವೆ. (ಎಚ್ ಆದ ಮೇಲೆ ನೇರವಾಗಿ ಜೆ. ನಡುವಿನ ಐ ಅಕ್ಷರ ಒಂದು ಎಂಬ ಅಂಕಿಯಂತೆ ಕಾಣುತ್ತದೆಂದು ಬಿಡುತ್ತಾರೆ, ಓ ಸೊನ್ನೆಯಂತೆ ಕಾಣುತ್ತದೆಂದು. ಕಳೆದುಹೋದ ಐ ಪರಿಷ್ಕರಣೆಯನ್ನು ಹುಡುಕುತ್ತ ಪ್ರತಿವರ್ಷವೂ ಒಬ್ಬ ಹೊಸಬರು ನನ್ನ ಬಳಿಗೆ ಬರುತ್ತಾರೆ.)

ಅದೇ ಭಾರತದ ಕಥೆಯ ಸಂಸ್ಕೃತ ಮೂಲವನ್ನು ತಿದ್ದಿ ನಿಲ್ಲಿಸುವ ಕೆಲಸ ನಡೆದದ್ದು ನಾನು ಈಗಿರುವ ಊರಿನಲ್ಲಿ. 1917ರಲ್ಲಿ ಶುರುವಾದ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಮಹಾಭಾರತದ ಪರಿಷ್ಕೃತ ಆವೃತ್ತಿಯನ್ನು 1919ರಲ್ಲಿ ಕೈಗೆತ್ತಿಕೊಂಡು, 1,259 ಹಸ್ತಪ್ರತಿಗಳನ್ನು ಹೋಲಿಸಿ, 1966ರಲ್ಲಿ ಮುಗಿಸಿತು. ನಲವತ್ತೇಳು ವರ್ಷ. ನಮ್ಮ ಮಂಡಳಿ ಒಂದು ಸಿಆರ್ ಅನ್ನು ಆರು ವಾರ ಇಟ್ಟುಕೊಂಡರೆ ಗೊಣಗುವ ನಾನು ಈ ಲೆಕ್ಕ ನೆನೆದು ಸುಮ್ಮನಾಗುತ್ತೇನೆ. ನನ್ನನ್ನು ಹಿಡಿದಿಟ್ಟದ್ದು ಆ ಸಂಪಾದಕರು ಕೈಬಿಟ್ಟದ್ದನ್ನು ಏನು ಮಾಡಿದರು ಎಂಬುದು. ಮುಖ್ಯ ಪಾಠಕ್ಕೆ ಸೇರದ ಸಾಲುಗಳಿಗೆ ನಕ್ಷತ್ರದ ಗುರುತು ಹಾಕಿ ಪುಟದ ಅಡಿಯಲ್ಲಿ ಕೊಟ್ಟರು, ದೊಡ್ಡ ಭಾಗಗಳನ್ನು ಅನುಬಂಧಕ್ಕೆ ಕಳುಹಿಸಿದರು. ವ್ಯಾಸ ಹೇಳುತ್ತ ಹೋದಂತೆ ಗಣಪತಿ ಬರೆದುಕೊಂಡ ಪ್ರಸಂಗವೂ ಹೀಗೆ ಅನುಬಂಧ ಸೇರಿತು, ಅದೂ ಗಣಪತಿಯ ಊರಾದ ಪುಣೆಯಲ್ಲಿ. ಅರ್ಥ ತಿಳಿಯದೆ ಬರೆಯಕೂಡದು ಎಂದು ವ್ಯಾಸ ಲಿಪಿಕಾರನಿಗೆ ಷರತ್ತು ಹಾಕಿದ ಕಥೆ ಅದು. ‘ಕಾರಣ’ದ ಖಾನೆಯನ್ನು ಅದಕ್ಕಿಂತ ಚೆನ್ನಾಗಿ ಯಾರು ವಿವರಿಸಿಯಾರು? ಇನ್ನೊಂದು ಸಂಗತಿ: ಮುಖ್ಯ ಪಾಠದಲ್ಲಿಯೇ ಉಳಿದರೂ ಪೂರ್ತಿ ಖಾತ್ರಿ ಇಲ್ಲದ ಶಬ್ದಗಳ ಅಡಿಯಲ್ಲಿ ಅಲೆಯಂಥ ಗೆರೆ ಎಳೆದರು. ನಮ್ಮ 52ರ ಅಡಿಯಲ್ಲಿ ಅಂಥದೊಂದು ಗೆರೆ ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇಂಟರ್‌ನೆಟ್ಟಿನ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಸರಣಿಯವರು ಇದನ್ನು ಇನ್ನೊಂದು ಬಗೆಯಲ್ಲಿ ಮಾಡುತ್ತಾರೆ. 1969ರಲ್ಲಿ ಮೊದಲನೆಯದು ಬಂತು. ಒಮ್ಮೆ ಪ್ರಕಟಿಸಿದ ಪಠ್ಯವನ್ನು ಅವರು ಮುಟ್ಟುವುದೇ ಇಲ್ಲ. ಬದಲಾವಣೆ ಬೇಕಾದರೆ ಹೊಸ ಸಂಖ್ಯೆಯ ಹೊಸ ದಾಖಲೆ. ಯಾರಾದರೂ ತಪ್ಪು ತೋರಿಸಿದರೆ ಅದು ಪ್ರತ್ಯೇಕ ಪಟ್ಟಿಗೆ ಸೇರುತ್ತದೆ. ವರದಿಯಾಗಿದೆ, ಪರಿಶೀಲಿಸಿದೆ, ತಿರಸ್ಕರಿಸಿದೆ ಎಂಬವುಗಳ ಜೊತೆಗೆ ಅಲ್ಲಿ ನಾಲ್ಕನೆಯ ಸ್ಥಿತಿಯೊಂದಿದೆ: ಮುಂದಿನ ಪರಿಷ್ಕರಣೆಗಾಗಿ ಕಾದಿರಿಸಿದೆ. ಈಗಲೇ ತಿದ್ದುವಷ್ಟು ದೊಡ್ಡದಲ್ಲ, ಮುಂದೆ ಬರೆಯುವವರು ಇದನ್ನು ಗಮನಿಸಲಿ ಎಂದು. ಹೌದು ಮತ್ತು ಇಲ್ಲಗಳ ನಡುವಿನ ಈ ಖಾನೆಯನ್ನು ನಾನು ನಾಚಿಕೆಯಿಲ್ಲದೆ ಕದ್ದು ನಮ್ಮ ನಮೂನೆಗೆ ಸೇರಿಸಿದೆ. ಅದರ ಜೊತೆಗೆ, ತಿರಸ್ಕರಿಸಿದ ಪ್ರತಿಯೊಂದು ವಿನಂತಿಗೂ ಕಾರಣ ಬರೆದು ಕೇಳಿದವರ ಕೈಗೆ ಕೊಡಬೇಕು, ಆ ಪಂಪಿನ ಮಾದರಿ ತಯಾರಾಗುತ್ತಿರುವವರೆಗೂ ಅದಾದ ಮೇಲೆ ಹತ್ತು ವರ್ಷವೂ ಅದನ್ನು ಕಾಯ್ದಿಡಬೇಕು ಎಂಬ ನಿಯಮವನ್ನೂ. ಚೀಟಿ ತಿರಸ್ಕೃತವಾಗಿ ಮರಳಿ ಬಂದಾಗ ಜನ ಮುನಿಸಿಕೊಳ್ಳುತ್ತಾರೆ ಎಂದು ಹೆದರಿದ್ದೆ. ಹಾಗಾಗಲಿಲ್ಲ. ಕಾರಣ ಓದಿ, ವಾದಕ್ಕೆ ಇನ್ನಷ್ಟು ಬಲ ತುಂಬಿಕೊಂಡು ಮತ್ತೆ ಬರುತ್ತಾರೆ. ವೆಲ್ಡಿಂಗ್ ವಿಭಾಗದ ಒಬ್ಬರು ಒಂದೇ ವಿಷಯವನ್ನು ಮೂರು ಸಲ ಬರೆದು ಮೂರನೆಯದರಲ್ಲಿ ಗೆದ್ದರು.

ವಿನಂತಿಸಿದವರು

40ರ ಸಿಆರ್ ಸಲ್ಲಿಸಿದ ದಿನ ಪೆಟ್ಟಿಗೆ ಇನ್ನೂ ಬಂದಿರಲಿಲ್ಲ. ‘ವಿನಂತಿಸಿದವರು’ ಎಂಬಲ್ಲಿ ಕಾಕಾ ಅವರ ಹೆಸರು ಹಾಕಲು ಹೋದರೆ ತಂತ್ರಾಂಶ ಒಪ್ಪಲಿಲ್ಲ. ಇಮೇಲ್ ಇದ್ದವರ ಹೆಸರುಗಳಷ್ಟೇ ಅದಕ್ಕೆ ಗೊತ್ತು. ಸೋರುವ ಪಂಪುಗಳು ಕಾದಿದ್ದವು. ನನ್ನ ಹೆಸರಿನಲ್ಲಿಯೇ ಹಾಕಿದೆ. ಸೂಚನಾ ಹಾಳೆಯ ಪರಿಷ್ಕರಣೆಯ ಇತಿಹಾಸದಲ್ಲಿ ಇಂದಿಗೂ 52 ಅನ್ನು 40ಕ್ಕೆ ಇಳಿಸಲು ಕೇಳಿದವಳು ನಾನೇ. ಆ ಅಂಕಿಯನ್ನು ಥಿನ್ನರ್ ಹಚ್ಚಿ ಒರೆಸಿದವಳು.

ಮೂರು ವರ್ಷದ ಹಿಂದೆ ಕಾಕಾ ನಿವೃತ್ತರಾದರು. ಶಾಲು, ಹಾರ, ಪೇಢೆ ಎಲ್ಲ ಆದ ಮೇಲೆ ಗೇಟಿನ ಬಳಿ ಸಿಕ್ಕಾಗ ಈ ವಿಷಯ ಹೇಳಿ, ನಿಮ್ಮ ಹೆಸರು ಬರಬೇಕಿತ್ತು ಎಂದೆ. “ಅಂಕಿ ಬಂತಲ್ಲ, ಬಿಡು” ಎಂದು ಅವರು ಸ್ಕೂಟರಿನ ಕಿಕ್ ಒದೆದರು. ಬಿಡಲು ನನಗೆ ಆಗಲಿಲ್ಲ. ಮರುದಿನವೇ ಒಂದು ಸಿಆರ್ ಹಾಕಿದೆ: ಆ ಹಳೆಯ ಸಿಆರ್‌ನಲ್ಲಿ ವಿನಂತಿಸಿದವರ ಹೆಸರನ್ನು ತಿದ್ದಬೇಕು. ಕಾರಣದ ಖಾನೆಯಲ್ಲಿ ಜೀವನದಲ್ಲಿ ಮೊದಲ ಸಲ ಒಂದೂವರೆ ಪುಟ ಬರೆದೆ. ಬೋಲ್ಟು, ಪೇಸ್ಟು, ನಾಲ್ಕು ತಿಂಗಳು ಸೋರದ ಪಂಪುಗಳು, ಆಡಿಟ್, ಥಿನ್ನರ್, ಹಪ್ಪಳದಂತೆ ಒಡೆದ ಗ್ಯಾಸ್ಕೆಟ್. ಕಾಕಾ ಅವರ ಪೂರ್ತಿ ಹೆಸರು, ಟಿಕೆಟ್ ನಂಬರು, ಊರು.

ಸಿಆರ್‌ಗಳ ಮೊದಲ ಪರಿಶೀಲನೆ ಈಗ ನನ್ನ ಕಿರಿಯ ಸಹೋದ್ಯೋಗಿಯದು. ಸೊಲ್ಲಾಪುರದ ಹುಡುಗಿ, ಚುರುಕು. ಅರ್ಧ ಗಂಟೆಯಲ್ಲಿ ಎದ್ದು ಬಂದು ನನ್ನ ಮೇಜಿನ ಬದಿಗೆ ನಿಂತಳು.

“ಮೇಡಮ್, ದಾಖಲೆಗಳಲ್ಲಿ ಎರಡು ಬಗೆ ಎಂದು ನೀವೇ ಕಲಿಸಿದ್ದೀರಿ. ಏನು ಮಾಡಬೇಕು ಎಂದು ಹೇಳುವುದನ್ನು ತಿದ್ದಬಹುದು. ಏನು ನಡೆಯಿತು ಎಂದು ಹೇಳುವುದನ್ನು ತಿದ್ದುವಂತಿಲ್ಲ. ಸಹಿಯಾದ ಸಿಆರ್ ಎರಡನೆಯ ಬಗೆಯದು.”

“ಹೌದು.”

“ಹಾಗಾದರೆ ಇದನ್ನು ತಿರಸ್ಕರಿಸಬೇಕಾಗುತ್ತದೆ.”

“ಕಾರಣ ಬರೆ” ಎಂದೆ.

ಬರೆದಳು. ಕೇಳಿದವರ ಕೈಗೆ ಪ್ರತಿ ಕೊಡಬೇಕೆಂಬ ನಿಯಮದಂತೆ ಒಂದು ಪ್ರತಿಯನ್ನು ನನ್ನ ಕೈಗೇ ಕೊಟ್ಟಳು. ಮೂಲವನ್ನು ನನ್ನ ಒಂದೂವರೆ ಪುಟದ ಸಮೇತ ತಿರಸ್ಕೃತ ವಿನಂತಿಗಳ ಕಡತಕ್ಕೆ ಸೇರಿಸಿದಳು. ಆ ಪಂಪಿನ ಮಾದರಿ ಇನ್ನೂ ತಯಾರಾಗುತ್ತಿದೆ. ಅದು ನಿಂತ ಮೇಲೂ ಹತ್ತು ವರ್ಷ ಆ ಪುಟಗಳನ್ನು ಯಾರೂ ಮುಟ್ಟುವಂತಿಲ್ಲ.